ಬಿಡುವಿನ ನಂತರ ತೆರೆದ ಕಂಠ: ಬೆವರ್ಲಿ ಸಿಲ್ಸ್

ಮುಂಬಯಿಯಲ್ಲಿ ಇರುವ ನಮಗೆಲ್ಲ 'ಒಪೇರಾ ಹೌಸ್' ಎಂದರೆ ಚರ್ನಿ ರೋಡ್ ಸ್ಟೇಷನ್ ಹತ್ತಿರದ ಒಂದು ಏರಿಯಾ. ವಜ್ರದ ವ್ಯಾಪಾರಿಗಳ ಕಚೇರಿಗಳು, ಬಸ್ ಸ್ಟಾಪು, ಟ್ರಾಫಿಕ್ಕು. ಆ ಹೆಸರು ಬಂದದ್ದು ಅಲ್ಲೇ ನಿಂತಿರುವ ರಾಯಲ್ ಒಪೇರಾ ಹೌಸ್ ಎಂಬ ಕಟ್ಟಡದಿಂದ. 1911ರಲ್ಲಿ, ಕೆಲಸ ಇನ್ನೂ ಮುಗಿಯದೆ ಇದ್ದಾಗಲೇ, ಐದನೆಯ ಜಾರ್ಜ್ ದೊರೆ ಅದನ್ನು ಉದ್ಘಾಟಿಸಿದ್ದರು. ಮುಂದೆ ಅದು ಸಿನಿಮಾ ಮಂದಿರವಾಯಿತು, 1993ರಲ್ಲಿ ಮುಚ್ಚಿತು, 2016ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಹೊಸದಾಗಿ ತೆರೆದಾಗ ಅಲ್ಲಿ ಹಾಡಿದವರು ಮುಂಬಯಿಯಲ್ಲೇ ಹುಟ್ಟಿದ ಸೊಪ್ರಾನೊ ಗಾಯಕಿ ಪೆಟ್ರೀಷಿಯಾ ರೊಜಾರಿಯೊ. ಆ ಸುದ್ದಿ ಓದಿದ ಮೇಲೆಯೇ ನನಗೆ ಈ ಒಪೇರಾ ಎಂದರೇನು ಎಂಬ ಕುತೂಹಲ ಹುಟ್ಟಿದ್ದು. ಆಫೀಸಿಗೆ ಹೋಗುವ ಲೋಕಲ್ ಟ್ರೇನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ಕೇಳುತ್ತ ಹೋದೆ. ಹಾಗೆ ಕೇಳುತ್ತ ಹೋದವಳನ್ನು ಹಿಡಿದು ನಿಲ್ಲಿಸಿದ ಹೆಸರು ಅಮೆರಿಕದ ಬೆವರ್ಲಿ ಸಿಲ್ಸ್. ಅವರ ದನಿಯಷ್ಟೇ ಅವರ ವೃತ್ತಿಜೀವನದ ದಾರಿಯೂ ನನ್ನನ್ನು ಹಿಡಿದಿಟ್ಟಿತು. ನಮ್ಮ ಮಹಿಳಾ ವಿಭಾಗದ ಗೆಳತಿಯರಿಗೆ ಅದನ್ನು ಹೇಳಬೇಕು ಎನ್ನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಬೆಲ್ ಕಾಂಟೊ ಎಂದರೆ

ಒಪೇರಾ ಎಂದರೆ ಸಂಗೀತದಲ್ಲೇ ನಡೆಯುವ ನಾಟಕ. ನಮ್ಮ ಯಕ್ಷಗಾನವನ್ನೋ ಕಂಪನಿ ನಾಟಕವನ್ನೋ ನೆನಪು ಮಾಡಿಕೊಂಡರೆ ಅರ್ಥ ಮಾಡಿಕೊಳ್ಳುವುದು ಸುಲಭ. ಒಂದು ವ್ಯತ್ಯಾಸವೆಂದರೆ ಇಲ್ಲಿ ಪಾತ್ರಧಾರಿಯೇ ಪೂರ್ತಿ ಹಾಡಬೇಕು, ಅದೂ ಮೈಕ್ ಇಲ್ಲದೆ, ದೊಡ್ಡ ವಾದ್ಯವೃಂದದ ಸದ್ದನ್ನು ದಾಟಿ ಕೊನೆಯ ಸಾಲಿನವರಿಗೂ ಕೇಳುವಂತೆ. ಹೆಂಗಸರ ದನಿಗಳಲ್ಲಿ ಅತಿ ಎತ್ತರದ ಸ್ಥಾಯಿಯದು ಸೊಪ್ರಾನೊ.

'ಬೆಲ್ ಕಾಂಟೊ' ಎಂಬುದು ಇಟಾಲಿಯನ್ ಮಾತು, 'ಸುಂದರ ಗಾಯನ' ಎಂದು ಅರ್ಥ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ರೊಸ್ಸಿನಿ, ಬೆಲ್ಲಿನಿ, ಡೊನಿಝೆಟ್ಟಿ ಎಂಬ ಮೂವರು ಇಟಲಿಯ ಸಂಗೀತಗಾರರು ಬರೆದ ಒಪೇರಾಗಳಲ್ಲಿ ಈ ಶೈಲಿ ಮೇರು ಮುಟ್ಟಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜೋಡಣೆ ಕಾಣದಂತೆ ಜಾರುವುದು, ಒಂದೇ ಉಸಿರಿನಲ್ಲಿ ದೀರ್ಘ ಸಾಲನ್ನು ಎಳೆಯುವುದು, ಮೆಲ್ಲಗೆ ಹುಟ್ಟಿಸಿದ ಸ್ವರವನ್ನು ತುಂಬಿಸಿ ಮತ್ತೆ ಮೆಲ್ಲಗೆ ಇಳಿಸುವುದು, ಅತಿ ವೇಗದಲ್ಲಿ ಸ್ವರಗಳ ಸರಮಾಲೆ ಹೆಣೆಯುವುದು ಇವೆಲ್ಲ ಅದರ ಲಕ್ಷಣಗಳು. ಧಾರವಾಡ, ಹುಬ್ಬಳ್ಳಿ ಕಡೆಯ ಮನೆಗಳಲ್ಲಿ ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ಮೀಂಡ್ ಮತ್ತು ಆಕಾರದ ತಾನ ನೆನಪಾಗದೆ ಇರದು. ಅಲ್ಲಿಯೂ ಗಾಯಕಿ ತನ್ನ ಕಲ್ಪನೆಯ ಅಲಂಕಾರಗಳನ್ನು ಸೇರಿಸುತ್ತಾಳೆ. ಆದರೆ ಅಲಂಕಾರ ಬರೀ ಕಸರತ್ತಾದರೆ ಅದು ಬೆಲ್ ಕಾಂಟೊ ಆಗುವುದಿಲ್ಲ. ಪ್ರತಿಯೊಂದು ತಾನಕ್ಕೂ ಪಾತ್ರದ ಮನಸ್ಸಿನಲ್ಲಿ ಕಾರಣ ಇರಬೇಕು. ಈ ಕಾರಣವನ್ನು ಹುಡುಕುವುದರಲ್ಲಿ ಬೆವರ್ಲಿ ಸಿಲ್ಸ್ ಎತ್ತಿದ ಕೈ.

ಬ್ರೂಕ್ಲಿನ್‌ನ 'ಬಬಲ್ಸ್'

ಅವರ ಹುಟ್ಟು ಹೆಸರು ಬೆಲ್ ಮಿರಿಯಂ ಸಿಲ್ವರ್‌ಮನ್. 1929ರ ಮೇ 25ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ ಜನನ. ತಾಯಿ ಒಡೆಸ್ಸಾದ ಕಡೆಯವರು, ತಂದೆ ರುಮೇನಿಯಾದವರು, ಇನ್ಶೂರೆನ್ಸ್ ಕೆಲಸದಲ್ಲಿದ್ದರು. ಹುಟ್ಟುವಾಗಲೇ ಬಾಯಲ್ಲಿ ಜೊಲ್ಲಿನ ಗುಳ್ಳೆ ಇತ್ತಂತೆ, ಅದಕ್ಕೇ 'ಬಬಲ್ಸ್' ಎಂಬ ಮುದ್ದಿನ ಹೆಸರು. ತಾಯಿ ಮನೆಯಲ್ಲಿ ಹಾಕುತ್ತಿದ್ದ ಗಾಯಕಿ ಅಮೆಲಿಟಾ ಗಲ್ಲಿ-ಕುರ್ಚಿಯ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ ಕೇಳಿ, ಭಾಷೆ ಬಾರದಿದ್ದರೂ ಆ ಹಾಡುಗಳನ್ನೆಲ್ಲ ಪುಟ್ಟ ಹುಡುಗಿ ಬಾಯಿಪಾಠ ಮಾಡಿಬಿಟ್ಟಿದ್ದಳು. ನಾಲ್ಕನೆಯ ವಯಸ್ಸಿಗೆ ರೇಡಿಯೋದಲ್ಲಿ ಹಾಡಿದಳು.

ಏಳನೆಯ ವಯಸ್ಸಿಗೆ ಗುರು ಸಿಕ್ಕಿದರು, ಎಸ್ಟೆಲ್ ಲೀಬ್ಲಿಂಗ್. ಈ ಗುರುವಿನ ಹಿಂದೆ ದೊಡ್ಡ ಪರಂಪರೆ ಇದೆ. ಲೀಬ್ಲಿಂಗ್ ಕಲಿತದ್ದು ಯುರೋಪಿನ ಪ್ರಸಿದ್ಧ ಶಿಕ್ಷಕಿ ಮಟಿಲ್ಡೆ ಮಾರ್ಕೇಸಿಯವರ ಬಳಿ. ಮಾರ್ಕೇಸಿಯವರ ಗುರು ಮಾನ್ಯುಯೆಲ್ ಗಾರ್ಸಿಯಾ. ತಂತ್ರಜ್ಞಾನ ಓದಿದ ನನಗೆ ಈ ಗಾರ್ಸಿಯಾ ವಿಶೇಷ ಇಷ್ಟ. 1854ರ ಸುಮಾರಿಗೆ ಎರಡು ಸಣ್ಣ ಕನ್ನಡಿಗಳ ಸಹಾಯದಿಂದ, ಹಾಡುವಾಗ ತನ್ನದೇ ಧ್ವನಿತಂತುಗಳು ಹೇಗೆ ಅಲುಗಾಡುತ್ತವೆ ಎಂದು ನೋಡಿದ ಮನುಷ್ಯ ಆತ. ಇಂದು ಕಿವಿ-ಮೂಗು-ಗಂಟಲಿನ ಡಾಕ್ಟರುಗಳು ಬಳಸುವ ಕನ್ನಡಿಯ ಕಥೆಯಲ್ಲಿ ಒಬ್ಬ ಸಂಗೀತದ ಮೇಷ್ಟರ ಹೆಸರಿರುವುದು ಹೀಗೆ. ಆತನ ತಂದೆ ರೊಸ್ಸಿನಿಯ 'ಬಾರ್ಬರ್ ಆಫ್ ಸೆವಿಲ್' ಒಪೇರಾದ ಮೊದಲ ಪ್ರದರ್ಶನದಲ್ಲೇ ಹಾಡಿದವರು. ಆತನ ತಂಗಿ ಮರಿಯಾ ಮಾಲಿಬ್ರಾನ್ ಬೆಲ್ ಕಾಂಟೊ ಕಾಲದ ಮಹಾ ಗಾಯಕಿ. 1825ರಲ್ಲಿ ನ್ಯೂಯಾರ್ಕಿಗೆ ಹಡಗಿನಲ್ಲಿ ಹೋಗಿ ಇಟಾಲಿಯನ್ ಭಾಷೆಯಲ್ಲೇ ಒಪೇರಾ ಆಡಿ ತೋರಿಸಿದ್ದು ಇದೇ ಕುಟುಂಬ. ಬ್ರೂಕ್ಲಿನ್‌ನ ಹುಡುಗಿಗೆ ಗುರು-ಶಿಷ್ಯ ಪರಂಪರೆಯಲ್ಲಿ ಬಂದದ್ದು ಈ ಆಸ್ತಿ.

ತಂದೆಗೆ ಮಗಳು ವೇದಿಕೆ ಏರುವುದು ಇಷ್ಟವಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ರೇಡಿಯೋ ಬಿಟ್ಟು ಶಾಲೆಯ ಓದಿಗೆ ಕೂರಬೇಕಾಯಿತು. ಬೆವರ್ಲಿಯವರ ಜೀವನದ ಮೊದಲ 'ಬ್ರೇಕ್' ಅದು, ಆದರೆ ಲೀಬ್ಲಿಂಗ್ ಬಳಿ ಪಾಠ ನಿಲ್ಲಲಿಲ್ಲ.

ಬಾಗಿಲು ತಟ್ಟಿದ ವರ್ಷಗಳು

ಬಾಲಪ್ರತಿಭೆಗಳ ಕಥೆಯಲ್ಲಿ ಮುಂದಿನ ಪುಟ ಸಾಮಾನ್ಯವಾಗಿ ದೊಡ್ಡ ಯಶಸ್ಸು ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ. 1947ರಲ್ಲಿ ಫಿಲಡೆಲ್ಫಿಯಾದಲ್ಲಿ 'ಕಾರ್ಮೆನ್' ಒಪೇರಾದ ಒಂದು ಚಿಕ್ಕ ಪಾತ್ರದಿಂದ ಅವರ ಒಪೇರಾ ಪ್ರವೇಶ ಆಯಿತು. ಆಮೇಲೆ ಪ್ರವಾಸಿ ತಂಡಗಳ ಜೊತೆ ಊರೂರು ತಿರುಗಿದರು. ನಮ್ಮ ಕಂಪನಿ ನಾಟಕದವರ ಹಾಗೆ ಇವತ್ತು ಒಂದೂರು, ನಾಳೆ ಇನ್ನೊಂದೂರು.

ನ್ಯೂಯಾರ್ಕಿನಲ್ಲಿ ಆಗ ಎರಡು ದೊಡ್ಡ ಒಪೇರಾ ಸಂಸ್ಥೆಗಳಿದ್ದವು. ಒಂದು, ಶ್ರೀಮಂತಿಕೆಗೂ ಯುರೋಪಿನ ತಾರೆಯರಿಗೂ ಹೆಸರಾದ ಮೆಟ್ರೊಪಾಲಿಟನ್ ಒಪೇರಾ, ಎಲ್ಲರೂ ಕರೆಯುವುದು 'ಮೆಟ್' ಎಂದು. ಇನ್ನೊಂದು, 1940ರ ದಶಕದಲ್ಲಿ ಮೇಯರ್ ಲಾಗಾರ್ಡಿಯಾ ಅವರ ಕಾಲದಲ್ಲಿ ಸಾಮಾನ್ಯ ಜನರಿಗೆ ಕೈಗೆಟಕುವ ಟಿಕೆಟ್ಟಿನಲ್ಲಿ ಶುರುವಾದ ನ್ಯೂಯಾರ್ಕ್ ಸಿಟಿ ಒಪೇರಾ. ಬೆವರ್ಲಿಯವರು ಈ ಎರಡನೆಯದರ ಬಾಗಿಲನ್ನೇ ಮತ್ತೆ ಮತ್ತೆ ತಟ್ಟಬೇಕಾಯಿತು. ಹಲವು ಆಡಿಷನ್‌ಗಳ ನಂತರ, 1955ರ ಅಕ್ಟೋಬರ್‌ನಲ್ಲಿ ಅಲ್ಲಿ ಹಾಡುವ ಅವಕಾಶ ಸಿಕ್ಕಿತು. ಆಗ ವಯಸ್ಸು ಇಪ್ಪತ್ತಾರು. 1958ರಲ್ಲಿ ಡಗ್ಲಾಸ್ ಮೂರ್ ಬರೆದ 'ದಿ ಬ್ಯಾಲಡ್ ಆಫ್ ಬೇಬಿ ಡೋ' ಎಂಬ ಅಮೆರಿಕನ್ ಒಪೇರಾದ ನಾಯಕಿಯಾಗಿ ಒಳ್ಳೆಯ ಹೆಸರು ಬಂತು. ಹೆಸರು ಬಂತು, ತಾರೆ ಆಗಲಿಲ್ಲ. ಕಂಪನಿಯಲ್ಲಿ ನಂಬಿಕೆಯ, ಕಷ್ಟಪಟ್ಟು ದುಡಿಯುವ ಕಲಾವಿದೆ, ಅಷ್ಟೇ.

ಎರಡು ಮಕ್ಕಳು, ಐವತ್ತೆರಡು ಟಿಕೆಟ್‌ಗಳು

1956ರಲ್ಲಿ ಪತ್ರಕರ್ತ ಪೀಟರ್ ಗ್ರೀನೊ ಅವರೊಂದಿಗೆ ಮದುವೆಯಾಯಿತು. ಅವರ ಕುಟುಂಬಕ್ಕೆ ಕ್ಲೀವ್‌ಲ್ಯಾಂಡ್‌ನ ಪತ್ರಿಕೆಯೊಂದರಲ್ಲಿ ಪಾಲಿತ್ತು. ಅವರಿಗೆ ಮೊದಲ ಮದುವೆಯ ಹೆಣ್ಣುಮಕ್ಕಳೂ ಇದ್ದರು. ಬೆವರ್ಲಿ ನ್ಯೂಯಾರ್ಕ್ ಬಿಟ್ಟು ಗಂಡನ ಊರಿಗೆ ಹೋದರು, ಮುಂದೆ ಕುಟುಂಬ ಬಾಸ್ಟನ್ ಬಳಿಗೆ ಬಂತು. 1959ರಲ್ಲಿ ಮಗಳು ಹುಟ್ಟಿದಳು, ಮನೆಯಲ್ಲಿ ಕರೆಯುವ ಹೆಸರು ಮಫಿ. 1961ರಲ್ಲಿ ಮಗ ಹುಟ್ಟಿದ, ಅವನು ಬಕ್ಕಿ.

ಮಫಿಗೆ ಎರಡು ವರ್ಷ ಆಗುವ ಹೊತ್ತಿಗೆ ಅವಳಿಗೆ ಕಿವಿ ಪೂರ್ತಿ ಕೇಳಿಸದು ಎಂದು ತಿಳಿಯಿತು. ಅದಾದ ಕೆಲವೇ ವಾರಗಳಲ್ಲಿ ಮಗನ ಬುದ್ಧಿ ಬೆಳವಣಿಗೆಗೆ ತೀವ್ರ ತೊಂದರೆ ಇದೆ ಎಂದೂ ಗೊತ್ತಾಯಿತು. ಕಂಠವನ್ನೇ ನಂಬಿ ಬದುಕಿದ ತಾಯಿ, ಆ ಕಂಠವನ್ನು ಎಂದೂ ಕೇಳಲಾಗದ ಮಗಳು. ಇದರ ಮೇಲೆ ಏನು ಬರೆದರೂ ಹೆಚ್ಚಾಗುತ್ತದೆ.

ಬೆವರ್ಲಿ ಹಾಡುವುದನ್ನು ನಿಲ್ಲಿಸಿ ಮನೆಯಲ್ಲಿ ಉಳಿದರು. ಮಗಳಿಗೆ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸುವ ಕೆಲಸಕ್ಕೆ ನಿಂತರು. ನ್ಯೂಯಾರ್ಕ್ ಸಿಟಿ ಒಪೇರಾದ ನಿರ್ದೇಶಕ ಜೂಲಿಯಸ್ ರೂಡೆಲ್ ಮಾತ್ರ ಅವರನ್ನು ಬಿಟ್ಟುಕೊಡಲಿಲ್ಲ. ಪತ್ರದ ಮೇಲೆ ಪತ್ರ ಬರೆದು, ನಗಿಸಿ, ಒತ್ತಾಯಿಸಿ ವಾಪಸ್ ಕರೆಯುತ್ತಲೇ ಇದ್ದರು. ಗಂಡ ಒಂದು ಹುಟ್ಟುಹಬ್ಬಕ್ಕೆ ಕೊಟ್ಟ ಉಡುಗೊರೆ ಇನ್ನೂ ಸೊಗಸಾದದ್ದು: ಬಾಸ್ಟನ್‌ನಿಂದ ನ್ಯೂಯಾರ್ಕಿಗೆ ಹೋಗಿ ಬರುವ 52 ವಿಮಾನ ಟಿಕೆಟ್‌ಗಳು. ವರ್ಷಕ್ಕೆ 52 ವಾರ, ವಾರಕ್ಕೊಂದು ಸಲ ಗುರು ಲೀಬ್ಲಿಂಗ್ ಬಳಿ ಪಾಠ. 'ನೀನು ಹಾಡು' ಎಂದು ಹೇಳುವುದು ಸುಲಭ. ಹಾಡಲು ಬೇಕಾದ ವಾರದ ಒಂದು ದಿನವನ್ನೂ ಹೋಗುವ ದಾರಿಯನ್ನೂ ಮಾಡಿಕೊಡುವುದು ಬೇರೆಯೇ ಮಾತು.

ಆ ವರ್ಷಗಳಲ್ಲಿ ಅವರು ವೇದಿಕೆಯಿಂದ ಪೂರ್ತಿ ಮಾಯವಾಗಿದ್ದರು ಎಂದಲ್ಲ. ಸ್ವಲ್ಪ ಸಮಯದ ನಂತರ ಬಾಸ್ಟನ್‌ನಲ್ಲಿ ಸಾರಾ ಕಾಲ್ಡ್‌ವೆಲ್ ಎಂಬ ಧೈರ್ಯವಂತ ನಿರ್ದೇಶಕಿಯ ಸಂಸ್ಥೆಯಲ್ಲೂ, ನ್ಯೂಯಾರ್ಕಿನಲ್ಲೂ ಹಾಡಿದರು. ಆದರೆ ಉಳಿದ ಸೊಪ್ರಾನೊಗಳು ದೇಶದೇಶ ಸುತ್ತಿ ಹೆಸರು ಕಟ್ಟಿಕೊಳ್ಳುವ ವಯಸ್ಸು ಅದು. ಅದೇ ಹೊತ್ತಿನಲ್ಲಿ ಬೆಲ್ ಕಾಂಟೊಗೆ ಮತ್ತೆ ಜೀವ ಬಂದಿತ್ತು. ಮರಿಯಾ ಕಾಲಸ್ 1957ರಲ್ಲಿ ಮಿಲಾನಿನಲ್ಲಿ ಡೊನಿಝೆಟ್ಟಿಯ ಮರೆತುಹೋದ 'ಅನ್ನಾ ಬೊಲೇನಾ'ವನ್ನು ಎತ್ತಿ ನಿಲ್ಲಿಸಿದ್ದರು. ಆಸ್ಟ್ರೇಲಿಯಾದ ಜೋನ್ ಸದರ್ಲೆಂಡ್ 1959ರಲ್ಲಿ ಲಂಡನ್ನಿನಲ್ಲಿ 'ಲೂಚಿಯಾ' ಹಾಡಿ ರಾತ್ರೋರಾತ್ರಿ ಜಗತ್ಪ್ರಸಿದ್ಧರಾಗಿದ್ದರು. 1965ರಲ್ಲಿ ಸ್ಪೇನಿನ ಮೊಂಟ್ಸೆರಾಟ್ ಕಬಾಯೆ ನ್ಯೂಯಾರ್ಕಿನಲ್ಲೇ ಒಂದು ಕಛೇರಿಯಿಂದ ಮಿಂಚಿದರು. ಬೆವರ್ಲಿ ಆಗ ಮಕ್ಕಳ ಆಸ್ಪತ್ರೆ, ಶಾಲೆ, ಮನೆ ಎಂದು ಓಡಾಡುತ್ತಿದ್ದರು.

ಇಲ್ಲಿ ನನ್ನದೊಂದು ಮಾತು. ಮಗಳು ಹುಟ್ಟಿದ ಮೇಲೆ ನಾನೂ ಎರಡು ವರ್ಷ ಕೆಲಸ ಬಿಟ್ಟಿದ್ದೆ. ಮತ್ತೆ ಕೆಲಸ ಹುಡುಕಲು ಹೊರಟಾಗ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಈ ಎರಡು ವರ್ಷ ಏನು ಮಾಡುತ್ತಿದ್ದಿರಿ?" ಎಂಟೆಕ್ ಪದವಿ, ಹಿಂದಿನ ಪ್ರಾಜೆಕ್ಟುಗಳು ಎಲ್ಲ ರೆಸ್ಯೂಮೆಯಲ್ಲಿದ್ದರೂ ಕಣ್ಣು ಹೋಗುತ್ತಿದ್ದದ್ದು ಆ ಖಾಲಿ ಸಾಲಿಗೇ. ನಮ್ಮ ಸಂಘದ ಹೆಂಗಸರು ಒಟ್ಟಿಗೆ ಸೇರಿದಾಗ ಕೇಳಿ ನೋಡಿ, ಟೀಚರ್ ಆಗಿದ್ದವರು, ಬ್ಯಾಂಕಿನಲ್ಲಿದ್ದವರು, ಭರತನಾಟ್ಯ ಕಲಿತವರು, ಪ್ರತಿಯೊಬ್ಬರ ಬಳಿಯೂ ಇಂಥ ಒಂದು ಖಾಲಿ ಸಾಲು ಇದೆ. ಗಂಡನ ವರ್ಗಾವಣೆ, ಅತ್ತೆಯ ಕಾಯಿಲೆ, ಮಗುವಿನ ಪರೀಕ್ಷೆ, ಕಾರಣ ಏನಾದರೂ ಆಗಬಹುದು. ಬೆವರ್ಲಿ ಸಿಲ್ಸ್ ಅವರ ಕಥೆ ನನಗೆ ಅಷ್ಟು ಹತ್ತಿರವಾದದ್ದು ಇದರಿಂದ. ಅವರ ಖಾಲಿ ಸಾಲಿನ ನಂತರ ಏನಾಯಿತು ಎಂಬುದು ದಾಖಲೆಯಲ್ಲಿದೆ, ರೆಕಾರ್ಡಿಂಗ್‌ನಲ್ಲಿದೆ, ಕೇಳಬಹುದು.

ಒಂದೇ ಅಂಗಳದ ಇಬ್ಬರು ಕ್ಲಿಯೋಪಾತ್ರೆಯರು

1966ರ ಸೆಪ್ಟೆಂಬರ್. ನ್ಯೂಯಾರ್ಕಿನ ಲಿಂಕನ್ ಸೆಂಟರ್ ಎಂಬ ಹೊಸ ಕಲಾ ಸಂಕೀರ್ಣದಲ್ಲಿ ಮೆಟ್ ತನ್ನ ಭವ್ಯ ಹೊಸ ಕಟ್ಟಡವನ್ನು ತೆರೆಯಿತು. ಅದಕ್ಕಾಗಿಯೇ ಬರೆಸಿದ ಸ್ಯಾಮ್ಯುಯೆಲ್ ಬಾರ್ಬರ್ ಅವರ 'ಆಂಟನಿ ಅಂಡ್ ಕ್ಲಿಯೋಪಾತ್ರ', ನಾಯಕಿ ಲಿಯೊಂಟೀನ್ ಪ್ರೈಸ್. ಜಗತ್ತಿನ ಪತ್ರಕರ್ತರೆಲ್ಲ ಅಲ್ಲಿ ಸೇರಿದ್ದರು. ಅದೇ ಅಂಗಳದ ಇನ್ನೊಂದು ಬದಿಯ ಕಟ್ಟಡದಲ್ಲಿ ನ್ಯೂಯಾರ್ಕ್ ಸಿಟಿ ಒಪೇರಾ ಹ್ಯಾಂಡೆಲ್‌ನ 'ಜೂಲಿಯೊ ಚೇಸಾರೆ' ಆಡಲು ಸಿದ್ಧತೆ ನಡೆಸಿತ್ತು. ಅಲ್ಲಿಯೂ ನಾಯಕಿ ಕ್ಲಿಯೋಪಾತ್ರೆಯೇ.

ಈ ಪಾತ್ರವನ್ನು ರೂಡೆಲ್ ಮೊದಲು ಕೊಡಲು ಹೊರಟಿದ್ದದ್ದು ಫಿಲ್ಲಿಸ್ ಕರ್ಟಿನ್ ಎಂಬ ಹೆಸರಾಂತ ಗಾಯಕಿಗೆ. ಹತ್ತು ವರ್ಷ ಕಂಪನಿಗೆ ದುಡಿದ ಬೆವರ್ಲಿ ಆಗ ಸುಮ್ಮನಿರಲಿಲ್ಲ. ಪಾತ್ರ ತನಗೆ ಕೊಡದಿದ್ದರೆ ಕಂಪನಿ ಬಿಡುತ್ತೇನೆ, ಕಾರ್ನೆಗಿ ಹಾಲ್ ಬಾಡಿಗೆಗೆ ಹಿಡಿದು ಅಲ್ಲಿ ಕ್ಲಿಯೋಪಾತ್ರೆಯ ಹಾಡುಗಳನ್ನೇ ಹಾಡುತ್ತೇನೆ ಎಂದು ನೇರವಾಗಿ ಹೇಳಿದರು. ಪಾತ್ರ ಸಿಕ್ಕಿತು.

ಹ್ಯಾಂಡೆಲ್ ಬೆಲ್ ಕಾಂಟೊ ಮೂವರಿಗಿಂತ ನೂರು ವರ್ಷ ಹಿಂದಿನವನು. ಆದರೆ ಅವನ ಹಾಡುಗಳಲ್ಲೂ ಮೊದಲ ಭಾಗ ಮತ್ತೆ ಬಂದಾಗ ಗಾಯಕಿ ತನ್ನ ಅಲಂಕಾರಗಳಿಂದ ಅದನ್ನು ಹೊಸದು ಮಾಡಬೇಕು. ಲೀಬ್ಲಿಂಗ್ ಕಲಿಸಿದ್ದೆಲ್ಲ ಅಲ್ಲಿ ಕೈಹಿಡಿಯಿತು. ಸೆಪ್ಟೆಂಬರ್ 27ರ ರಾತ್ರಿ ಮುಗಿಯುವ ಹೊತ್ತಿಗೆ ಬೆವರ್ಲಿ ಸಿಲ್ಸ್ ತಾರೆಯಾಗಿದ್ದರು. ವಯಸ್ಸು ಮೂವತ್ತೇಳು. ಮೆಟ್‌ನ ಅದ್ದೂರಿ ಕ್ಲಿಯೋಪಾತ್ರ ತಣ್ಣಗಾದರೆ, ಪಕ್ಕದ ಕಟ್ಟಡದ ಕ್ಲಿಯೋಪಾತ್ರೆ ಊರಿನ ಮಾತಾದಳು.

ಹಿತ್ತಲ ಗಿಡ

ಇಷ್ಟಾದರೂ ಮೆಟ್‌ನಿಂದ ಸರಿಯಾದ ಕರೆ ಬರಲಿಲ್ಲ. 1972ರವರೆಗೆ ಮೆಟ್ ನಡೆಸಿದ ರುಡಾಲ್ಫ್ ಬಿಂಗ್ ಅವರ ಕಾಲದಲ್ಲಿ ಬೆವರ್ಲಿ ಆ ವೇದಿಕೆಯ ಮೇಲೆ ನಿಲ್ಲಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನ್ಯೂಯಾರ್ಕಿಗೂ ಸಲ್ಲುತ್ತದೆ.

ಮದ್ದು ಎಂದು ಮೊದಲು ಒಪ್ಪಿದ್ದು ಇಟಲಿ. 1969ರ ಏಪ್ರಿಲ್‌ನಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ರೊಸ್ಸಿನಿಯ 'ಕೊರಿಂತ್‌ನ ಮುತ್ತಿಗೆ' ಆಡಬೇಕಿತ್ತು. ಹಾಡಬೇಕಿದ್ದ ರೆನಾಟಾ ಸ್ಕೊಟ್ಟೊ ಗರ್ಭಿಣಿಯಾದ್ದರಿಂದ ಆ ಜಾಗ ಬೆವರ್ಲಿಯವರಿಗೆ ಬಂತು. ಜೊತೆಗೆ ಹಾಡಿದವರು ಇನ್ನೊಬ್ಬ ಮಹಾನ್ ಅಮೆರಿಕನ್ ಗಾಯಕಿ ಮರ್ಲಿನ್ ಹಾರ್ನ್. ಅಲ್ಲಿಯದು ಒಂದು ಪ್ರಸಿದ್ಧ ಪ್ರಸಂಗ. ತನಗೆ ಹೊಲಿದ ಬಂಗಾರದ ಬಣ್ಣದ ಉಡುಪು ಬೇಡ, ಬೆಳ್ಳಿಯ ಬಣ್ಣದ್ದು ಬೇಕು ಎಂದು ಬೆವರ್ಲಿ ಹೇಳುತ್ತಲೇ ಇದ್ದರು, ಉಡುಪಿನ ವಿಭಾಗದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಕತ್ತರಿ ತೆಗೆದುಕೊಂಡು ಆ ಉಡುಪನ್ನು ಎರಡು ತುಂಡು ಮಾಡಿಬಿಟ್ಟರು. ಬೆಳ್ಳಿಯ ಬಣ್ಣದ್ದು ಬಂತು. ಇಟಲಿಯ ಪತ್ರಿಕೆಗಳು ಅವರನ್ನು 'ಲಾ ಫೆನೋಮೆನಾ', ಅಂದರೆ ಅದ್ಭುತ ಎಂದು ಕರೆದವು. ಅಮೆರಿಕದ 'ನ್ಯೂಸ್‌ವೀಕ್' ಪತ್ರಿಕೆ ಮುಖಪುಟದಲ್ಲಿ ಅವರ ಚಿತ್ರ ಹಾಕಿತು, 1971ರಲ್ಲಿ 'ಟೈಮ್' ಕೂಡ.

ಮರುವರ್ಷ ಡೊನಿಝೆಟ್ಟಿಯ 'ಲೂಚಿಯಾ' ಪೂರ್ತಿಯಾಗಿ ಅವರ ದನಿಯಲ್ಲಿ ರೆಕಾರ್ಡ್ ಆಯಿತು. ಬಲವಂತದ ಮದುವೆಯಿಂದ ಮನಸ್ಸು ಕೆಟ್ಟ ಹುಡುಗಿಯ ಕಥೆ ಅದು. ಅವಳ ಹುಚ್ಚಿನ ದೃಶ್ಯಕ್ಕೆ ಡೊನಿಝೆಟ್ಟಿ ಮೊದಲು ಯೋಚಿಸಿದ್ದದ್ದು ಗಾಜಿನ ಹಾರ್ಮೋನಿಕಾ ಎಂಬ ವಾದ್ಯ, ನಮ್ಮ ಜಲತರಂಗದ ದೂರದ ನೆಂಟ ಎನ್ನಬಹುದು. ಸಾಮಾನ್ಯವಾಗಿ ಕೊಳಲಿನಲ್ಲಿ ನುಡಿಸುವ ಆ ಭಾಗಕ್ಕೆ ಈ ರೆಕಾರ್ಡಿಂಗ್‌ನಲ್ಲಿ ಗಾಜಿನ ವಾದ್ಯವನ್ನೇ ಬಳಸಿದ್ದಾರೆ. ಒಪೇರಾ ಹೊಸದಾಗಿ ಕೇಳುವವರು ಇಲ್ಲಿಂದ ಶುರು ಮಾಡಬಹುದು ಎಂದು ನನ್ನ ಸಲಹೆ. ದನಿ ಯಾವುದು, ಗಾಜು ಯಾವುದು ಎಂದು ಕೆಲವು ಕ್ಷಣ ತಿಳಿಯುವುದಿಲ್ಲ.

ಮೂವರು ರಾಣಿಯರು

ಬೆಲ್ ಕಾಂಟೊಗೆ ಬೆವರ್ಲಿ ಸಿಲ್ಸ್ ಕೊಟ್ಟ ದೊಡ್ಡ ಕೊಡುಗೆ ಡೊನಿಝೆಟ್ಟಿಯ ಮೂವರು ರಾಣಿಯರು. ಇಂಗ್ಲೆಂಡಿನ ಇತಿಹಾಸದಿಂದ ಹುಟ್ಟಿದ ಮೂರು ಒಪೇರಾಗಳು ಇವು. ಮಿಲಾನಿನಲ್ಲಿ 1830ರಲ್ಲಿ ಬಂದ 'ಅನ್ನಾ ಬೊಲೇನಾ' ಎಂಟನೆಯ ಹೆನ್ರಿಯ ಆಜ್ಞೆಯಿಂದ ತಲೆ ಕಳೆದುಕೊಂಡ ರಾಣಿ ಆನ್ ಬೊಲಿನ್ ಕಥೆ. 'ಮರಿಯಾ ಸ್ತುವಾರ್ದಾ' ಸ್ಕಾಟ್ಲೆಂಡಿನ ರಾಣಿ ಮೇರಿಯದು. ಅದನ್ನು ನೇಪಲ್ಸ್‌ನಲ್ಲಿ ನಿಷೇಧಿಸಿದ್ದರಿಂದ 1835ರಲ್ಲಿ ಲಾ ಸ್ಕಾಲಾದಲ್ಲಿ ಆಡಿದರು. ಆಗ ಮೇರಿಯಾಗಿ ಹಾಡಿದವರು, ಮೇಲೆ ಹೇಳಿದ ಗಾರ್ಸಿಯಾನ ತಂಗಿ ಮಾಲಿಬ್ರಾನ್. ಮೂರನೆಯದು 'ರೊಬೆರ್ತೊ ದೆವೆರೊ'. ಆನ್ ಬೊಲಿನ್ ಮಗಳು ಮೊದಲನೆಯ ಎಲಿಜಬೆತ್ ಮುಪ್ಪಿನಲ್ಲಿ ತಾನು ಪ್ರೀತಿಸಿದ ಎಸೆಕ್ಸ್‌ನ ಮರಣದಂಡನೆಗೆ ಸಹಿ ಹಾಕುವ ಕಥೆ. ಇದು ನೇಪಲ್ಸ್‌ನಲ್ಲಿ 1837ರಲ್ಲಿ ರಂಗಕ್ಕೆ ಬಂತು. ಅದೇ ವರ್ಷದ ಜುಲೈನಲ್ಲಿ ಡೊನಿಝೆಟ್ಟಿಯ ಹೆಂಡತಿ ವರ್ಜೀನಿಯಾ ತೀರಿಕೊಂಡಿದ್ದರು. ಅವರ ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ.

ಬೆವರ್ಲಿ ಈ ಮೂರನ್ನೂ ನ್ಯೂಯಾರ್ಕ್ ಸಿಟಿ ಒಪೇರಾದಲ್ಲಿ ಹಾಡಿದರು: 1970ರಲ್ಲಿ ಎಲಿಜಬೆತ್, 1972ರಲ್ಲಿ ಮೇರಿ, 1973ರಲ್ಲಿ ಆನ್. ಎಲಿಜಬೆತ್ ಪಾತ್ರಕ್ಕೆ ಮೇಕಪ್ಪಿಗೇ ಎರಡು ಗಂಟೆ ಬೇಕಿತ್ತು. ಉಡುಪಿನ ತೂಕ ಸುಮಾರು 25 ಕಿಲೊ. ನಲವತ್ತೊಂದು ವರ್ಷದ ಹೆಂಗಸು ಅದನ್ನೆಲ್ಲ ಹೊತ್ತು, ನಡುಗುವ ಕೈಯ ಮುದುಕಿಯಾಗಿ, ಸಿಟ್ಟು, ಅಸೂಯೆ, ಪಶ್ಚಾತ್ತಾಪ ಎಲ್ಲವನ್ನೂ ಅತಿ ಕಠಿಣ ತಾನಗಳಲ್ಲಿ ಹಾಡಬೇಕು.

ಅವರ ದನಿ ಸ್ವಭಾವತಃ ಹಗುರ, ತಿಳಿ. ಎಲಿಜಬೆತ್ ಪಾತ್ರಕ್ಕೆ ಬೇಕಾದದ್ದು ಅದಕ್ಕಿಂತ ಭಾರವಾದ ದನಿ. ಈ ಪಾತ್ರ ತನ್ನ ಗಾಯನದ ಆಯುಸ್ಸಿನಲ್ಲಿ ಕನಿಷ್ಠ ನಾಲ್ಕು ವರ್ಷ ಕಡಿಮೆ ಮಾಡಿತು ಎಂದು ಮುಂದೆ ಅವರೇ ಹೇಳಿಕೊಂಡರು. ಆದರೂ ತನ್ನ ಜೀವನದ ಶ್ರೇಷ್ಠ ಸಾಧನೆ ಎಂದು ಅವರು ಭಾವಿಸಿದ್ದು ಇದನ್ನೇ. ಬೆಲ್ ಕಾಂಟೊ ಶಿಕ್ಷಣದ ಮೊದಲ ಪಾಠವೇ ಕಂಠವನ್ನು ಜತನ ಮಾಡು ಎಂಬುದು. ಮೂವತ್ತೇಳರವರೆಗೆ ಯಾರೂ ಹೆಚ್ಚು ಕೇಳದೆ ಇದ್ದ ಕಂಠ ಅದು, ಹಾಗಾಗಿ ತಾಜಾ ಉಳಿದಿತ್ತು. ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂದು ಅವರೇ ಆರಿಸಿಕೊಂಡರು. ನನಗೆ ಅವರ ಜೀವನದಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಈ ಆಯ್ಕೆ. ಬಿಡುವಿನ ವರ್ಷಗಳನ್ನು ಬದುಕು ಅವರ ಮೇಲೆ ಹೇರಿತು. ಆಮೇಲಿನ ವರ್ಷಗಳನ್ನು ಅವರು ಲೆಕ್ಕವಿಟ್ಟು, ತಾನೇ ನಿರ್ಧರಿಸಿ ಕಳೆದರು.

ಹದಿನೆಂಟು ನಿಮಿಷಗಳ ಚಪ್ಪಾಳೆ

1974ರ ಶರತ್ಕಾಲದಲ್ಲಿ ಕ್ಯಾನ್ಸರ್ ಎಂದು ತಿಳಿದು ಶಸ್ತ್ರಚಿಕಿತ್ಸೆ ಆಯಿತು. ಸುಮಾರು ಒಂದು ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವೇದಿಕೆಯ ಮೇಲೆ ಡೊನಿಝೆಟ್ಟಿಯ ಹಾಸ್ಯ ಒಪೇರಾ ಒಂದರಲ್ಲಿ ನಗಿಸುತ್ತಿದ್ದರು! ಬಿಂಗ್ ನಿವೃತ್ತರಾದ ಮೇಲೆ ಮೆಟ್‌ನ ಹೊಸ ಮುಖ್ಯಸ್ಥರು ಅವರನ್ನು ಕರೆದಿದ್ದರು. 1975ರ ಏಪ್ರಿಲ್ 7ರಂದು, ಲಾ ಸ್ಕಾಲಾದಲ್ಲಿ ಗೆದ್ದ ಅದೇ 'ಕೊರಿಂತ್‌ನ ಮುತ್ತಿಗೆ'ಯೊಂದಿಗೆ ಬೆವರ್ಲಿ ಸಿಲ್ಸ್ ಮೆಟ್ ವೇದಿಕೆ ಹತ್ತಿದರು. ತನ್ನ ಹುಟ್ಟೂರಿನ ಅತಿ ದೊಡ್ಡ ರಂಗಮಂದಿರಕ್ಕೆ ಬರಲು ನಲವತ್ತೈದು ವರ್ಷ ಬೇಕಾಯಿತು. ಚಪ್ಪಾಳೆ ಹದಿನೆಂಟು ನಿಮಿಷ ನಡೆಯಿತು.

ಆ ಹೊತ್ತಿಗೆ ದನಿಯ ಮೊದಲಿನ ಹೊಳಪು ಸ್ವಲ್ಪ ಇಳಿದಿತ್ತು, ವಿಮರ್ಶಕರು ಅದನ್ನು ಬರೆದರು. ಅವರಿಗೂ ಅದು ಗೊತ್ತಿತ್ತು. 1978ರಲ್ಲೇ, ಇನ್ನೆರಡು ವರ್ಷದಲ್ಲಿ ಹಾಡುವುದನ್ನು ನಿಲ್ಲಿಸುತ್ತೇನೆ ಎಂದು ಪ್ರಕಟಿಸಿದರು. 1980ರ ಅಕ್ಟೋಬರ್ 27ರಂದು ವಿದಾಯದ ಕಾರ್ಯಕ್ರಮ ನಡೆಯಿತು. ಜನ ಇನ್ನೂ ಬೇಕು ಎನ್ನುತ್ತಿರುವಾಗಲೇ ಎದ್ದು ಹೋಗುವುದು ಕಲಾವಿದರಿಗೆ ಎಷ್ಟು ಕಷ್ಟ ಎಂದು ನಮ್ಮ ಸಂಗೀತಲೋಕವನ್ನು ಬಲ್ಲವರಿಗೆ ಹೇಳಬೇಕಿಲ್ಲ.

ವೇದಿಕೆಯಿಂದ ಆಫೀಸಿಗೆ

ವಿದಾಯಕ್ಕೆ ಮೊದಲೇ, 1979ರಲ್ಲಿ, ಅವರು ತಮ್ಮ ಹಳೆಯ ನ್ಯೂಯಾರ್ಕ್ ಸಿಟಿ ಒಪೇರಾದ ನಿರ್ದೇಶಕಿಯಾಗಿದ್ದರು. ಸಂಸ್ಥೆ ಸಾಲದಲ್ಲಿ ಮುಳುಗಿತ್ತು. ಬೆವರ್ಲಿ ಟಿಕೆಟ್ ದರ ಇಳಿಸಿದರು, ಅಮೆರಿಕದ ಕಲಾವಿದರಿಗೆ ಅವಕಾಶ ಕೊಟ್ಟರು, ದೇಣಿಗೆಗಾಗಿ ಊರೆಲ್ಲ ತಿರುಗಿದರು. 1985ರಲ್ಲಿ ಗೋದಾಮಿಗೆ ಬೆಂಕಿ ಬಿದ್ದು ಸುಮಾರು 10,000 ಉಡುಪುಗಳು ಸುಟ್ಟುಹೋದಾಗಲೂ ಸಂಸ್ಥೆ ನಿಲ್ಲಲಿಲ್ಲ. ಅವರು 1989ರಲ್ಲಿ ಜವಾಬ್ದಾರಿ ಬಿಡುವಾಗ ವಾರ್ಷಿಕ ಬಜೆಟ್ 90 ಲಕ್ಷ ಡಾಲರಿನಿಂದ 2 ಕೋಟಿ 60 ಲಕ್ಷಕ್ಕೆ ಏರಿತ್ತು. 30 ಲಕ್ಷ ಡಾಲರಿನ ಕೊರತೆ ಇದ್ದಲ್ಲಿ ಅಷ್ಟೇ ಉಳಿತಾಯ ಇತ್ತು.

ಅವರ ಕಾಲದಲ್ಲೇ, 1983ರಲ್ಲಿ, ಹಾಡಿನ ಮಾತುಗಳ ಇಂಗ್ಲಿಷ್ ಅನುವಾದವನ್ನು ವೇದಿಕೆಯ ಮೇಲಿನ ಪರದೆಯಲ್ಲಿ ತೋರಿಸುವ ಪದ್ಧತಿ ಅಲ್ಲಿ ಶುರುವಾಯಿತು. ನಾವು ಒಟಿಟಿಯಲ್ಲಿ ನೋಡುವ ಸಬ್‌ಟೈಟಲ್ ಹಾಗೆಯೇ. ಶುದ್ಧತೆ ಕೆಡುತ್ತದೆ ಎಂದು ಕೆಲವರು ಮೂಗು ಮುರಿದರು. ಇಂದು ಜಗತ್ತಿನ ಬಹುತೇಕ ಒಪೇರಾ ಮಂದಿರಗಳಲ್ಲಿ ಅದು ಇದೆ. ಇದನ್ನು ಮಗಳಿಗಾಗಿ ಮಾಡಿದರು ಎಂದು ನಾನು ಹೇಳುತ್ತಿಲ್ಲ, ಭಾಷೆ ತಿಳಿಯದ ಪ್ರೇಕ್ಷಕರಿಗಾಗಿ ಮಾಡಿದ್ದು. ಆದರೆ ಕಿವಿ ಕೇಳಿಸದ ಮಗಳ ತಾಯಿ ನಡೆಸಿದ ರಂಗಮಂದಿರದಲ್ಲಿ ಹಾಡು ಅಕ್ಷರವಾಗಿ ಕಣ್ಣಿಗೆ ಕಾಣಿಸಿತು ಎಂದು ಓದಿದಾಗ ನನ್ನ ಮನಸ್ಸು ಒಂದು ಕ್ಷಣ ನಿಂತಿತು.

1994ರಲ್ಲಿ ಅವರು ಇಡೀ ಲಿಂಕನ್ ಸೆಂಟರ್‌ನ ಅಧ್ಯಕ್ಷೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ, ಮೊದಲ ಕಲಾವಿದೆ. 2002ರಲ್ಲಿ, ಹಿಂದೆ ವರ್ಷಗಟ್ಟಲೆ ಬಾಗಿಲು ತೆರೆಯದ ಅದೇ ಮೆಟ್‌ನ ಆಡಳಿತ ಮಂಡಳಿಯ ಅಧ್ಯಕ್ಷೆ! ಹುಟ್ಟಿನಿಂದ ಬರುವ ಅಂಗವೈಕಲ್ಯದ ತಡೆಗೆ ದುಡಿಯುವ 'ಮಾರ್ಚ್ ಆಫ್ ಡೈಮ್ಸ್' ಸಂಸ್ಥೆಗಾಗಿ ದಶಕಗಳ ಕಾಲ ಹಣ ಕೂಡಿಸಿದರು. 2005ರಲ್ಲಿ, ಗಂಡನ ಆರೋಗ್ಯ ಪೂರ್ತಿ ಕುಸಿದಾಗ, ಮೆಟ್‌ನ ಹುದ್ದೆ ಬಿಟ್ಟು ಮನೆಗೆ ಬಂದರು. 52 ಟಿಕೆಟ್ ಕೊಟ್ಟ ಪೀಟರ್ 2006ರಲ್ಲಿ ತೀರಿಕೊಂಡರು. ಮರುವರ್ಷ ಜುಲೈ 2ರಂದು, 78ನೆಯ ವಯಸ್ಸಿನಲ್ಲಿ, ಬೆವರ್ಲಿಯವರೂ ಹೋದರು.

ಲೆಕ್ಕ

ಇದನ್ನು ಬರೀ ಗೆಲುವಿನ ಕಥೆಯಾಗಿ ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಅವರಿಗೆ ಹಣವಿದ್ದ ಗಂಡ ಇದ್ದರು, ಮಕ್ಕಳನ್ನು ನೋಡಿಕೊಳ್ಳುವವರು ಇದ್ದರು, ಪತ್ರ ಬರೆದು ಕರೆಯುವ ನಿರ್ದೇಶಕ ಇದ್ದರು. ಎಲ್ಲ ಹೆಂಗಸರಿಗೂ ಇವು ಸಿಗುವುದಿಲ್ಲ. ಮಗ ಬಕ್ಕಿ ಮನೆಯಲ್ಲಿ ಬೆಳೆಯಲಿಲ್ಲ, ಅವನಂಥವರನ್ನು ನೋಡಿಕೊಳ್ಳುವ ಸಂಸ್ಥೆಯಲ್ಲಿ ಇಡಬೇಕಾಯಿತು. ಅವರು ಉಳಿಸಿ ಬೆಳೆಸಿದ ನ್ಯೂಯಾರ್ಕ್ ಸಿಟಿ ಒಪೇರಾ ಅವರು ಹೋದ ಆರು ವರ್ಷಕ್ಕೆ, 2013ರಲ್ಲಿ, ದಿವಾಳಿ ಎದ್ದಿತು. ಕೆಲವು ನೋವುಗಳಿಗೆ ಚಪ್ಪಾಳೆ ಮದ್ದಲ್ಲ.

ಸಂತೋಷವಾಗಿರುವವಳಿಗೆ ಚಿಂತೆಯೇ ಇರುವುದಿಲ್ಲ, ಗೆಲುವಾಗಿರುವವಳಿಗೆ ಚಿಂತೆ ಇದ್ದೂ ಅದರ ಜೊತೆ ಬದುಕಲು ಗೊತ್ತಿರುತ್ತದೆ, ತಾನು ಎರಡನೆಯವಳು ಎಂಬ ಅರ್ಥದ ಮಾತನ್ನು ಅವರು ಆಡಿದ್ದುಂಟು. ಮಕ್ಕಳ ವಿಷಯ ತಿಳಿದ ಮೇಲೆ ತಾನು ಹಾಡಿದ್ದು ಬೇರೆಯವರ ಮೆಚ್ಚುಗೆಗಾಗಿ ಅಲ್ಲ, ಹಾಡುವುದರಲ್ಲಿ ಸಿಗುವ ನೆಮ್ಮದಿಗಾಗಿ ಎಂದೂ ಹೇಳಿದ್ದರು. 1958ರಲ್ಲಿ ಬೇಬಿ ಡೋ ಆಗಿ ಹಾಡಿದ ದನಿಯನ್ನೂ 1970ರ ಲೂಚಿಯಾವನ್ನೂ ಒಂದರ ಹಿಂದೊಂದು ಕೇಳಿ. ಮೊದಲನೆಯದರಲ್ಲಿ ಸೊಗಸಿದೆ. ಎರಡನೆಯದರಲ್ಲಿ ಪ್ರತಿ ತಾನಕ್ಕೂ ಒಂದು ಕಾರಣ ಇದೆ.

ನಮ್ಮಲ್ಲಿ ಎಷ್ಟೋ ಗೆಳತಿಯರು ಹಾರ್ಮೋನಿಯಂ ಅಟ್ಟದ ಮೇಲೆ ಇಟ್ಟಿದ್ದೀರಿ, ಗೆಜ್ಜೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೀರಿ, ಡಿಗ್ರಿ ಸರ್ಟಿಫಿಕೇಟು ಫೈಲಿನಲ್ಲಿ ಇಟ್ಟಿದ್ದೀರಿ. ಮುಂದಿನ ಬಾರಿ ಯಾರಾದರೂ 'ನಡುವಿನ ಈ ವರ್ಷಗಳಲ್ಲಿ ಏನು ಮಾಡಿದಿರಿ' ಎಂದು ಕೇಳಿದರೆ ತಲೆ ತಗ್ಗಿಸಬೇಡಿ. ಮಾಡಿದ್ದನ್ನು ಮಾಡಿದ ಹಾಗೇ ಹೇಳಿ. ಮನೆಯವರಿಗೂ ಒಂದು ಮಾತು: ಬರೀ ಪ್ರೋತ್ಸಾಹದ ನುಡಿ ಸಾಲದು, ವಾರಕ್ಕೊಂದು ಟಿಕೆಟ್ ಕೊಡಿ.